ಹೂಂ ಅನ್ನುವವಳ ಮೂರನೆಯ ಪರೀಕ್ಷೆ

18 ಅಕ್ಟೋಬರ್ 2002, ಶುಕ್ರವಾರ

ಫೇಲು. ಎರಡನೆಯ ಸಲವೂ ಫೇಲು.

ಮೊದಲನೆಯದನ್ನು ನಾನು ಒಪ್ಪಿಕೊಂಡಿದ್ದೆ. ಅದು ಬರೆಯುವ ಪರೀಕ್ಷೆ. ಬಾಗಲಕೋಟೆಯಲ್ಲಿ ಓದಿದ ಚಾಳಿಯಲ್ಲೇ ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿ ಹಾಳೆಯ ಮೇಲೆ ಸುರಿದು ಬಂದಿದ್ದೆ. ಅವರು ಕೇಳಿದ್ದು ಯಾಕೆ ಎಂದು, ನಾನು ಬರೆದದ್ದು ಏನು ಎಂದು. ಆದರೆ ಇವತ್ತಿನದು ಬಾಯಿಪರೀಕ್ಷೆ. ಎದುರಿಗೆ ಪ್ರೊಫೆಸರ್ ಬ್ರಾಯ್ನಿಂಗ್, ಪಕ್ಕದಲ್ಲಿ ಟಿಪ್ಪಣಿ ಬರೆದುಕೊಳ್ಳುವ ಅಸಿಸ್ಟೆಂಟ್, ನಡುವೆ ನೀರಿನ ಬಾಟಲಿ. ವಿಷಯ ಯಂತ್ರಗಳ ಕಂಪನ. ಅವರು ಕೇಳಿದರು, ನಾನು ಹೇಳಿದೆ. ಅವರು ತಾವೇ ಏನಾದರೂ ಹೇಳಿ ನನ್ನ ಮುಖ ನೋಡಿದಾಗಲೆಲ್ಲ 'ಯೆಸ್ ಪ್ರೊಫೆಸರ್' ಅಂದೆ. ಎಲ್ಲಿಯೂ ಒಂದು ತಕರಾರಾಗಲಿಲ್ಲ. ಹೊರಗೆ ಬಂದು ಗೆಳೆಯ ಮೆಲ್ರಾಯ್‌ಗೆ ಗೆದ್ದೆ ಎಂದು ಹೆಬ್ಬೆರಳು ಬೇರೆ ತೋರಿಸಿದೆ. ಆಮೇಲೆ ಒಳಗೆ ಕರೆದು, ಸಾರಿ, ಇದು ಸಾಲದು ಅಂದರು. ಅದಕ್ಕೂ ನಾನು 'ಯೆಸ್ ಪ್ರೊಫೆಸರ್, ಥ್ಯಾಂಕ್ಯೂ' ಅಂದೆ.

ಥ್ಯಾಂಕ್ಯೂ ಅಂತೆ. ನನ್ನ ಬಾಯಿಗೆ ಬರೆ ಹಾಕಬೇಕು.

ಇನ್ನು ಉಳಿದದ್ದು ಒಂದೇ ಸಲ. ಮೂರನೆಯದೂ ಹೋದರೆ ಯೂನಿಯಿಂದ, ಅಂದರೆ ಯೂನಿವರ್ಸಿಟಿಯಿಂದ, ಹೆಸರು ತೆಗೆಯುತ್ತಾರೆ, ಇದೇ ಓದನ್ನು ಜರ್ಮನಿಯ ಬೇರೆ ಯಾವ ಯೂನಿಯಲ್ಲೂ ಮುಂದುವರಿಸುವಂತಿಲ್ಲ. ಓದು ಇಲ್ಲ ಎಂದರೆ ವೀಸಾ ಇಲ್ಲ. ಇಂಗ್ಲೆಂಡಿನಲ್ಲೂ ಸೀಟು ಸಿಕ್ಕಿತ್ತು. ಇಂಗ್ಲೆಂಡಿನಲ್ಲಿ ಫೀಸು, ಜರ್ಮನಿಯಲ್ಲಿ ಫೀಸಿಲ್ಲ, ಮೇಲಾಗಿ ಅಕ್ಕ ಅಲ್ಲೇ ಇದ್ದಾಳೆ, ಸ್ಟುಟ್‌ಗಾರ್ಟಿಗೇ ಹೋಗು ಎಂದು ಮನೆಯವರು ಹೇಳಿದರು. ಹೂಂ ಅಂದೆ.

ಈಗ ಹೇಳುತ್ತೇನೆ ಕೇಳಿ, ಬ್ರಾಯ್ನಿಂಗ್ ಸಾಹೇಬರೆ. ನಿಮ್ಮ ಪರೀಕ್ಷೆಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ನೀವು ಹೇಳಿದ್ದನ್ನೆಲ್ಲ ಒಪ್ಪಿದವಳನ್ನು ಫೇಲು ಮಾಡುವ ಮನುಷ್ಯ ನೀವೊಬ್ಬರೇ ಇರಬೇಕು. ಬರೆದು ಸ್ವಲ್ಪ ಹಗುರಾಯಿತು. ನನ್ನ ಶೌರ್ಯವೆಲ್ಲ ಈ ಹಾಳೆಯ ಮೇಲೆಯೇ.

20 ಅಕ್ಟೋಬರ್, ರವಿವಾರ

ಎಂದಿನಂತೆ ಎಸ್-ಬಾನ್ ರೈಲು ಹತ್ತಿ ಬ್ಯೋಬ್ಲಿಂಗೆನ್‌ಗೆ, ಜಯಕ್ಕನ ಮನೆಗೆ ಹೋದೆ. ಬಾಗಿಲು ತೆಗೆಯುತ್ತಲೇ ಉಳವಪ್ಪ ಮಾಮಾ, "ಗುರವ್ವಾ, ಪರೀಕ್ಷಾ ಹೆಂಗಾತು?" ಅಂದರು.

"ಚಲೋ ಆತ್ರಿ ಮಾಮಾ."

ನನಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಆದರೆ ಅಕ್ಕನ ಗಂಡ ಅಷ್ಟು ಆಸೆಯಿಂದ ಕೇಳಿದಾಗ ಇನ್ನೇನು ಹೇಳುವುದು? ನನ್ನ ವೀಸಾಕ್ಕೆ ಜಾಮೀನು ನಿಂತವರು ಅವರು. ಆ ಕಾಗದಕ್ಕೆ ಜರ್ಮನ್ ಭಾಷೆಯಲ್ಲಿ ಒಂದು ಹೆಸರಿದೆ, ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ತಪ್ಪುತ್ತದೆ. ಇಲ್ಲಿಯವರು ಕಂಪ್ಯೂಟರ್ ಕೆಲಸದವರಿಗೆ ಕೊಡುವ ಗ್ರೀನ್ ಕಾರ್ಡ್ ಮೇಲೆ ಬಂದ ಮೊದಲ ವರ್ಷವೇ ಸಹಿ ಹಾಕಿಕೊಟ್ಟರು, ಒಂದು ಮಾತು ಎದುರು ಆಡಲಿಲ್ಲ. ಅಂಥವರಿಗೆ ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ.

ಊಟವಾದ ಮೇಲೆ ಎಂದಿನ ಕೆಲಸ. ಮನೆಮಾಲೀಕನ ಪತ್ರ, ಇನ್ಶೂರೆನ್ಸ್ ಪತ್ರ, ಕಿಂಡರ್‌ಗಾರ್ಟನ್‌ನ ಪತ್ರ, ಎಲ್ಲ ಓದಿ ಹೇಳಿದೆ. ಮಾಮಾನ ಆಫೀಸು ಪೂರ್ತಿ ಇಂಗ್ಲಿಷು, ಅವರಿಗೆ ಜರ್ಮನ್ ಬೇಕಾಗಿಲ್ಲ. ಕಿಂಡರ್‌ಗಾರ್ಟನ್ ಪತ್ರದ ಬಗ್ಗೆ ಅಕ್ಕ ಏನೋ ಹೇಳಲು ಬಾಯಿ ತೆರೆದಳು. "ನಿನಗೇನ್ ತಿಳೀತೈತಿ, ಅಕಿ ಓದಾಕತ್ತಾಳ ಬಿಡು" ಅಂದರು ಮಾಮಾ. ಅಕ್ಕ ರೊಟ್ಟಿ ಡಬ್ಬಿ ತುಂಬಲು ಒಳಗೆ ಹೋದಳು. ಪ್ರತಿ ರವಿವಾರ ಒಂದು ಡಬ್ಬಿ ಕಟಕ್ ರೊಟ್ಟಿ, ಒಂದು ಬಾಟಲಿ ಶೇಂಗಾ ಚಟ್ನಿ. ಅದರ ಮೇಲೇ ನನ್ನ ವಾರ ನಡೆಯುವುದು.

ಹೊರಡುವಾಗ ಅಕ್ಕ ಮೆಟ್ಟಿಲ ಮೇಲೆ ಕೆಳಮನೆಯ ಮುದುಕಿ ಫ್ರಾವ್ ಮಾಯರ್ ಜೊತೆ ನಗುತ್ತಾ ನಿಂತಿದ್ದಳು. ಬರಿಯ ಕೈಸನ್ನೆಯಲ್ಲಿ ಅಷ್ಟು ಹೊತ್ತು ಏನು ಮಾತಾಡುತ್ತಾಳೋ ಪುಣ್ಯಾತ್ಗಿತ್ತಿ.

30 ಅಕ್ಟೋಬರ್, ಬುಧವಾರ

ಈ ವಾರವೂ ನಮ್ಮ ಹಾಸ್ಟೆಲು ವೋನ್‌ಹೈಮ್‌ನ ಅಡುಗೆಮನೆ ತೊಳೆದವಳು ನಾನೇ. ನಮ್ಮ ಮಹಡಿಯಲ್ಲಿ ವಾರಕ್ಕೊಬ್ಬರ ಪಾಳಿ, ಕೇರ್‌ವೋಖೆ ಅನ್ನುತ್ತಾರೆ, ಈ ಊರಿನವರಿಗೆ ಅದು ದೇವರ ಪೂಜೆಯಷ್ಟೇ ದೊಡ್ಡದು. ಇದೇ ಮಹಡಿಯ ಮಾರ್ಕುಸ್ ಬಂದು, ಈ ವಾರ ನನಗೆ ಬೇರೆ ಕೆಲಸ, ನೀನು ಮಾಡುತ್ತೀಯಾ ಅಂದ. ಕಳೆದ ತಿಂಗಳೂ ಅವನಿಗೆ ಬೇರೆ ಕೆಲಸವೇ ಇತ್ತು. 'ಶುವರ್' ಅಂದೆ.

ಒಲೆ ಉಜ್ಜುತ್ತಿದ್ದಾಗ ಮೆಲ್ರಾಯ್ ಮೀನು ಹುರಿಯಲು ಬಂದ. ಉಡುಪಿಯವನು, ನನ್ನ ಕ್ಲಾಸಿನವನೇ, ಅದೇ ಬಾಯಿಪರೀಕ್ಷೆಯಲ್ಲಿ ಅದೇ ದಿನ ಪಾಸಾದವನು. ನನಗಿಂತ ಕಡಿಮೆ ಓದಿದವನು, ಇದನ್ನು ಇಲ್ಲಿ ಬರೆಯಲು ಸಂಕೋಚವಿಲ್ಲ.

"ನಿನ್ನತ್ರ ಡ್ಯಾಂಪಿಂಗ್ ಕೇಳಿದ್ರಾ?" ಅಂದ.

"ಕೇಳಲಿಲ್ಲ, ಅವರೇ ಹೇಳಿದ್ರು. ಯಂತ್ರದ ಕೆಳಗ ಆ ಡ್ಯಾಂಪಿಂಗ್ ತಡೆ ಜಾಸ್ತಿ ಮಾಡಿದಷ್ಟೂ ನೆಲಕ್ಕ ಅಲುಗಾಟ ಕಡಿಮಿ, ಯಾವಾಗಲೂ ಅಂದ್ರು."

"ನೀನೆಂತ ಹೇಳಿದ್ದು?"

"ಯೆಸ್ ಪ್ರೊಫೆಸರ್ ಅಂದೆ."

ಅವನು ಸೌಟು ಕೆಳಗಿಟ್ಟ. "ಮಾರಾಯ್ತಿ, ಅದು ತಪ್ಪಲ್ವಾ? ಸ್ಪೀಡ್ ಜಾಸ್ತಿ ಇದ್ದಾಗ ತಡೆ ಹೆಚ್ಚಿದ್ರೆ ಅಲುಗಾಟ ಹೆಚ್ಚೇ ಆಗುದು. ನಿಂಗೆ ಗೊತ್ತುಂಟು ಅದು, ನೀನೇ ನಂಗೆ ಹೇಳಿಕೊಟ್ಟದ್ದು."

ಗೊತ್ತಿತ್ತು. ಗೊತ್ತಿದ್ದೇ ಹೂಂ ಅಂದಿದ್ದೆ. ಅಷ್ಟು ದೊಡ್ಡ ಮನುಷ್ಯ ಹೇಳುತ್ತಿದ್ದಾರೆ ಎಂದರೆ ನನಗೆ ತಿಳಿಯದ್ದೇನೋ ಇರಬೇಕು ಅಂದುಕೊಂಡೆ. ಮೇಲಾಗಿ ಹಿರಿಯರ ತಪ್ಪನ್ನು ಅವರ ಅಸಿಸ್ಟೆಂಟ್ ಎದುರಿಗೆ ಎತ್ತಿ ತೋರಿಸುವುದು ಎಂಥ ನಡತೆ?

"ಅವ್ರು ಬೇಕು ಅಂತಲೇ ತಪ್ಪು ಹೇಳುದು. ನಾನು ಎರಡು ಸಲ ಜಗಳ ಮಾಡಿದೆ ಅವ್ರತ್ರ. ಕಡೆಗೆ ಕೈ ಕುಲುಕಿದ್ರು" ಅಂದ ಮೆಲ್ರಾಯ್.

ವಿಷಯ ಬರದೆ ಫೇಲಾಗಿದ್ದರೆ ಓದಿ ಸರಿಮಾಡಿಕೊಳ್ಳಬಹುದಿತ್ತು. ಇದನ್ನು ಯಾವ ಪುಸ್ತಕದಲ್ಲಿ ಓದುವುದು?

9 ನವೆಂಬರ್, ಶನಿವಾರ

ಮೆಲ್ರಾಯ್ ನನಗೆ ಟ್ರೇನಿಂಗ್ ಕೊಡುತ್ತಾನಂತೆ. ಅಡುಗೆಮನೆಯಲ್ಲಿ ಎದುರು ಕುಳಿತು ಪ್ರೊಫೆಸರರಂತೆ ಗದ್ದಕ್ಕೆ ಕೈಹಚ್ಚಿ ತಪ್ಪು ತಪ್ಪು ಹೇಳುತ್ತಾನೆ, ನಾನು ಇಲ್ಲ ಅನ್ನಬೇಕು. ಅವನಿಗೆ ಅಂದೆ, ಸಲೀಸಾಗಿ ಅಂದೆ. ಅವನೇನು ಹಿರಿಯನೇ, ಗುರುವೇ? ಆಮೇಲೆ ಅವನು ಕೋಟು ಹಾಕಿಕೊಂಡು ಬಂದು, ಇಂಗ್ಲಿಷಿನಲ್ಲಿ, ದನಿ ತಗ್ಗಿಸಿ, "ಮಿಸ್, ಈ ಸ್ಪ್ರಿಂಗಿನ ಬಿಗಿ ಹೆಚ್ಚಿದರೆ ಕಂಪನ ನಿಧಾನವಾಗುತ್ತದೆ, ಅಲ್ಲವೇ?" ಅಂದ. ಬಾಯಿಂದ ಯೆಸ್ ಹೊರಟೇಬಿಟ್ಟಿತು. ಬರಿಯ ಒಂದು ಕೋಟಿಗೆ.

ಅವನು ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕೆ. ಕೋಣೆಗೆ ಬಂದು ಅತ್ತೆ.

1 ಡಿಸೆಂಬರ್, ರವಿವಾರ

ಹಿಮ ಬಿದ್ದಿದೆ. ಬ್ಯೋಬ್ಲಿಂಗೆನ್‌ಗೆ ಹೋಗಿದ್ದೆ. ಮಾಮಾನ ಕಂಪನಿಯಲ್ಲಿ ಪ್ರಾಜೆಕ್ಟ್ ನಿಂತಿದೆಯಂತೆ. ಅಕ್ಕನ ಮಗಳು ಪವಿ ಊಟ ಮಾಡು ಅಂದರೆ ನೈನ್, ಅಂಗಿ ಹಾಕಿಕೋ ಅಂದರೆ ನೈನ್, ಜರ್ಮನ್‌ನಲ್ಲಿ ಇಲ್ಲ ಎಂದು. ಹಿರ್ಯಾರಿಗೆ ಎದುರುತ್ತರ ಕೊಡ್ತೀಯೇನು ಎಂದು ಮಾಮಾ ಗದರಿಸಿದರು. ಅದಕ್ಕೂ ನೈನ್ ಅಂದಿತು ಕೂಸು. ನಾನು ಹೊಟ್ಟೆಕಿಚ್ಚಿನಿಂದ ನೋಡುತ್ತಾ ಕುಳಿತೆ.

14 ಜನವರಿ 2003, ಮಂಗಳವಾರ

ಎರಡು ಸುದ್ದಿ, ಎರಡೂ ಕೆಟ್ಟವು.

ಪರೀಕ್ಷೆಯ ದಿನ ಗೊತ್ತಾಯಿತು. ಫೆಬ್ರುವರಿ ಹದಿನೆಂಟು, ಬೆಳಿಗ್ಗೆ ಹತ್ತಕ್ಕೆ. ಡಾಕ್ಟರ ಚೀಟಿ ಇಲ್ಲದೆ ಹೋಗದಿದ್ದರೆ ಅದೂ ಫೇಲೇ.

ಸಂಜೆ ಅಕ್ಕ ಫೋನ್ ಮಾಡಿದಳು. ಮಾಮಾನ ಕಂಪನಿ ದಿವಾಳಿ ಎದ್ದಿದೆ, ಗ್ರೀನ್ ಕಾರ್ಡ್ ಮೇಲೆ ಬಂದವರನ್ನೆಲ್ಲ ಕೆಲಸದಿಂದ ತೆಗೆದಿದ್ದಾರೆ. ಬೇರೆ ಕೆಲಸ ಹುಡುಕಿಕೊಳ್ಳದೆ ಹೋದರೆ ಅವರ ಪರವಾನಿಗೆಯೂ ಹೋಗಬಹುದು. ಅಕ್ಕನ ದನಿ ನಡುಗುತ್ತಿರಲಿಲ್ಲ. ನನ್ನದು ನಡುಗಿತು.

2 ಫೆಬ್ರುವರಿ, ರವಿವಾರ

ನನ್ನನ್ನು ಏನು ಮಾಡಬೇಕು?

ಓದುವುದಿದೆ ಎಂದು ಇವತ್ತು ಬ್ಯೋಬ್ಲಿಂಗೆನ್‌ಗೆ ಹೋಗಿರಲಿಲ್ಲ. ಮಧ್ಯಾಹ್ನ ಮಾಮಾ ಫೋನ್ ಮಾಡಿದರು. ದನಿ ಬಹಳ ದಣಿದಿತ್ತು.

"ಗುರವ್ವಾ, ಹದಿನೆಂಟಕ್ಕ ಆರ್ಬೈಟ್ಸ್‌ಅಮ್ಟ್‌ನ್ಯಾಗ, ಆ ನೌಕರಿ ಕಚೇರ್ಯಾಗ, ಭೇಟಿಗೆ ಟೆರ್ಮಿನ್ ಕೊಟ್ಟಾರ. ಮುಂಜಾನಿ ಒಂಬತ್ತೂವರಿಗೆ. ಅಲ್ಲಿ ಕುಂತಾಕಿ ಒಂದು ಅಕ್ಷರ ಇಂಗ್ಲಿಷ್ ಮಾತಾಡೂದಿಲ್ಲ. ನೀ ಸಂಗಾಟ ಬರಬೇಕವಾ. ಬರ್ತೀ ಹೌದಿಲ್ಲೊ?"

"ಹೂಂ ರಿ ಮಾಮಾ. ಬರ್ತೀನಿ."

ಹದಿನೆಂಟು ಎಂದು ಕಿವಿ ಕೇಳಿತ್ತು. ಹದಿನೆಂಟು ಎಂದು ಮನಸ್ಸು ಕೂಗಿತ್ತು. ಅಷ್ಟರೊಳಗೆ ಬಾಯಿ ತನ್ನ ಕೆಲಸ ಮುಗಿಸಿತ್ತು. ಅವರು ಒಂದು ದೊಡ್ಡ ಉಸಿರು ಬಿಟ್ಟರು, ಎಷ್ಟೋ ದಿನಗಳಿಂದ ಹಿಡಿದಿಟ್ಟಿದ್ದಂತೆ. "ನೀ ಅದೀ ಅಂತ ಧೈರ್ಯ ನೋಡು" ಅಂದು ಫೋನ್ ಇಟ್ಟರು.

ಆ ಮಾತು ಕೇಳಿದ ಮೇಲೆ ಮತ್ತೆ ಫೋನ್ ಮಾಡಿ ಆಗುವುದಿಲ್ಲ ಅನ್ನುವುದು ಹೇಗೆ?

3 ಫೆಬ್ರುವರಿ, ಸೋಮವಾರ

ಮೆಲ್ರಾಯ್‌ಗೆ ಹೇಳಿದೆ. ಅವನು ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ.

"ಫೋನ್ ಮಾಡು. ಈಗಲೇ."

"ನಾಳೆ ಮಾಡ್ತೀನಿ."

"ನಾನೇ ಹೋಗ್ಬಹುದಿತ್ತು ಅವ್ರೊಟ್ಟಿಗೆ. ಆದ್ರೆ ನನ್ನ ಜರ್ಮನ್ ಮೀನಂಗಡಿವರೆಗೆ ಮಾತ್ರ."

8 ಫೆಬ್ರುವರಿ, ಶನಿವಾರ

ಮುಖಾಮುಖಿ ಹೇಳುವುದೇ ಸರಿ ಎಂದು ಒಂದು ದಿನ ಮೊದಲೇ ಬ್ಯೋಬ್ಲಿಂಗೆನ್‌ಗೆ ಹೋದೆ. ಎಸ್-ಬಾನಿನಲ್ಲಿ ಮಾತು ಜೋಡಿಸಿಕೊಂಡೆ. ಗೋಲ್ಡ್‌ಬರ್ಗ್ ಸ್ಟೇಷನ್ ದಾಟುವಾಗ ಎಲ್ಲ ಬಾಯಿಗೆ ಬಂದಿತ್ತು.

ಮಾಮಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೇಜಿನ ಮುಂದೆ ಕುಳಿತಿದ್ದರು. ಮನೆಯಲ್ಲೇ ಇರುವ ಮನುಷ್ಯ, ಶನಿವಾರ, ಆಫೀಸಿನ ಅಂಗಿ. ಕಾಗದಗಳನ್ನೆಲ್ಲ ಜೋಡಿಸಿ ಇಟ್ಟುಕೊಂಡು, ಕಚೇರಿಯವರು ಏನು ಕೇಳಬಹುದು, ನಾನು ಏನು ಹೇಳಬೇಕು ಎಂದು ನನಗೇ ಹೇಳಿಕೊಟ್ಟರು. ಎಲ್ಲದಕ್ಕೂ ಹೂಂ ಅಂದೆ. ನಡುವೆ ಒಮ್ಮೆ "ಮಾಮಾ" ಅಂದೆ. "ಏನು?" ಅಂದರು. "ಚಹಾ ಮಾಡ್ಲ್ಯಾ?" ಅಂದೆ.

ಅಕ್ಕ ಒಲೆಯ ಮುಂದಿನಿಂದ ನನ್ನನ್ನು ಬಹಳ ಹೊತ್ತು ನೋಡಿದಳು. "ಮಾರಿ ಯಾಕ ಹಂಗಾಗೇತಿ ನಿಂದು?" ಅಂದಳು. ನಿದ್ದೆ ಇಲ್ಲ ಅಂದೆ. ಅದೊಂದೇ ಇವತ್ತು ನಾನು ಆಡಿದ ನಿಜ.

ವಾಪಸು ಬರುವಾಗ ಒಂದು ಹಾದಿ ಹೊಳೆಯಿತು. ಡಾಕ್ಟರ ಚೀಟಿ ತಂದರೆ ಪರೀಕ್ಷೆ ಮುಂದೆ ಹೋಗುತ್ತದೆ. ಮಾಮಾನಿಗೂ ಇಲ್ಲ ಅನ್ನಬೇಕಾಗಿಲ್ಲ, ಪ್ರೊಫೆಸರರಿಗೂ ಇಲ್ಲ ಅನ್ನಬೇಕಾಗಿಲ್ಲ. ಡಾಕ್ಟರ ಮುಂದೆ ಮಾತ್ರ ಸುಳ್ಳು ಕೆಮ್ಮಬೇಕು. ಎಷ್ಟು ಚೆಂದದ ಹಾದಿ. ಯಾರಿಗೂ ನೋವಿಲ್ಲ.

12 ಫೆಬ್ರುವರಿ, ಬುಧವಾರ

ಡಾಕ್ಟರ ಬಾಗಿಲವರೆಗೆ ಹೋಗಿ ಬಂದೆ. ಒಳಗೆ ಹೋಗಲಿಲ್ಲ. ಹೋದರೆ ಪರೀಕ್ಷೆಗೆ ಇನ್ನೊಂದು ದಿನ ಕೊಡುತ್ತಾರೆ, ಅವತ್ತೂ ಯಾರಾದರೂ ಫೋನ್ ಮಾಡುತ್ತಾರೆ.

ಮಧ್ಯಾಹ್ನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯಲು ಹಾಕಿ ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ನೀರು ಹಿಂಡುವ ಸುತ್ತು ಶುರುವಾದಾಗ ಯಂತ್ರ ಗಡಗಡ ನಡುಗಿ ನೆಲ ಬಿಟ್ಟು ಏಳುವಂತೆ ಕುಣಿಯಿತು. ವೇಗ ಇನ್ನೂ ಏರಿದ ಮೇಲೆ ತಾನಾಗಿಯೇ ತಣ್ಣಗಾಯಿತು. ಬರಿಯ ಒಂದು ಗುಂಯ್ ಸದ್ದು. ಈ ಲೆಕ್ಕವನ್ನು ನಾನು ನೂರು ಸಲ ಬರೆದಿದ್ದೇನೆ, ಕಣ್ಣಿಂದ ನೋಡಿರಲಿಲ್ಲ. ನಡುಗುವುದು ಆ ಒಂದು ವೇಗವನ್ನು ದಾಟುವಾಗ ಮಾತ್ರ. ತಡೆ ಬೇಕಾದದ್ದೂ ಆಗ ಮಾತ್ರ. ಅಲ್ಲೇ ನಿಂತರೆ ಯಂತ್ರ ಮುರಿಯುತ್ತದೆ, ದಾಟಿದರೆ ಏನೂ ಇಲ್ಲ.

ಇನ್ನೆರಡು ಯಂತ್ರಗಳಲ್ಲಿ ಬೇರೆಯವರ ಬಟ್ಟೆ ಮುಗಿಯುವವರೆಗೂ ಕುಳಿತು ನೋಡಿದೆ. ಮಾರ್ಕುಸ್ ಬಂದು ಮುಂದಿನ ವಾರದ ಅಡುಗೆಮನೆಯ ಬಗ್ಗೆ ಏನೋ ಕೇಳಿದ, ತಲೆ ಎಲ್ಲೋ ಇತ್ತು, ನನಗೆ ಪರೀಕ್ಷೆ ಇದೆ, ನೀನೇ ಮಾಡಿಕೋ ಅಂದೆ. ಸ್ಪ್ರಿಂಗು ಮೆದುವಾದರೆ ಏನಾಗುತ್ತದೆ ಅನ್ನುವುದನ್ನು ಇನ್ನೊಮ್ಮೆ ನೋಡಬೇಕು.

16 ಫೆಬ್ರುವರಿ, ರವಿವಾರ

ಹೇಳಿದೆ.

ಚಪ್ಪಲಿ ಬಿಡುವ ಮೊದಲೇ ಹೇಳಿದೆ, ಇಲ್ಲದಿದ್ದರೆ ಮತ್ತೆ ಚಹಾ ಮಾಡುತ್ತಿದ್ದೆ.

"ಮಾಮಾ, ಹದಿನೆಂಟಕ್ಕ ನನಗ ಬರಾಕ ಆಗೂದಿಲ್ಲ."

"ಯಾಕ?"

"ಪರೀಕ್ಷಾ ಐತ್ರಿ."

"ಮುಂದ ಹಾಕಿಸು."

"ಹಾಕಿಸಾಕ ಬರೂದಿಲ್ಲ. ಮೂರನೇದ್ದು ಅದು. ಎರಡು ಸಲ ಫೇಲ್ ಆಗೇನಿ. ಇದೂ ಹ್ವಾದ್ರ ವಾಪಸ್ ಕಳಿಸ್ತಾರ."

ಪವಿ ಟೀವಿ ನೋಡುತ್ತಿತ್ತು. ಟೀವಿಯಲ್ಲಿ ಒಂದು ಇಲಿ ಏನೋ ಹಾಡುತ್ತಿತ್ತು. ಮಾಮಾ ಕುರ್ಚಿಯಿಂದ ಏಳಲೂ ಇಲ್ಲ, ಕೂಗಲೂ ಇಲ್ಲ.

"ಅಕ್ಟೋಬರ್‌ದಾಗ ಚಲೋ ಆತು ಅಂದಿ?"

"ಅಂದೆ."

"ಆರ್ಬೈಟ್ಸ್‌ಅಮ್ಟ್‌ಗೆ ಬರ್ತೀನಿ ಅಂದಿ?"

"ಅಂದೆ."

"ನಿನ್ನ ಹೂಂ ನಂಬಿಕೊಂಡ ನಾ ಕುಂತಿದ್ದೆ, ಗುರವ್ವಾ. ಅವತ್ತ ಇಲ್ಲ ಅಂದಿದ್ರ ಬ್ಯಾರೇದವರನ ಹುಡುಕ್ತಿದ್ದೆ. ಇನ್ನ ಒಂದು ದಿನ ಐತಿ. ಎಲ್ಲಿಂದ ತರ್ಲಿ?"

ಬೈದಿದ್ದರೆ ಚೆನ್ನಾಗಿತ್ತು. ಈ ಎರಡು ವರ್ಷ ನಾನು ಅವರ ಮಾತು ಮೀರದ ಒಳ್ಳೆಯ ಹುಡುಗಿ ಅಂದುಕೊಂಡಿದ್ದೆ. ಅವರ ಲೆಕ್ಕದಲ್ಲಿ ನಾನು ಸುಳ್ಳುಗಾತಿ. ಅವರ ಲೆಕ್ಕವೇ ಸರಿ.

ಕ್ಷಮಿಸಿ ಅಂದೆ. ಬರುತ್ತೇನೆ ಎಂದು ಮಾತ್ರ ಅನ್ನಲಿಲ್ಲ. ಬಾಯಿಯ ತುದಿಯವರೆಗೆ ಬಂದಿತ್ತು, ಹಲ್ಲು ಕಚ್ಚಿ ಹಿಡಿದೆ. ಮಾಮಾ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಕ್ಕ ಡಬ್ಬಿ ತಂದು ಕೈಗಿಟ್ಟಳು. "ಹೋಗು. ಓದು" ಅಂದಳು, ಅಷ್ಟೇ.

17 ಫೆಬ್ರುವರಿ, ಸೋಮವಾರ

ಓದಿದೆ. ತಿನ್ನಲಾಗಲಿಲ್ಲ. ಡಬ್ಬಿ ಹಾಗೇ ಇದೆ.

18 ಫೆಬ್ರುವರಿ, ಮಂಗಳವಾರ

ಎಲ್ಲವನ್ನೂ ಬರೆದಿಡಬೇಕು.

ಅದೇ ಕೋಣೆ, ಅದೇ ನೀರಿನ ಬಾಟಲಿ. ಮೊದಲ ಪ್ರಶ್ನೆಗಳು ಸಲೀಸು. ಗೋಡೆಯ ಗಡಿಯಾರ ನೋಡಿದೆ, ಹತ್ತು ದಾಟಿತ್ತು. ಮಾಮಾ ಈಗ ಆ ಹೆಂಗಸಿನ ಮುಂದೆ ಮೂಗರ ಹಾಗೆ ಕುಳಿತಿರುತ್ತಾರೆ ಅನ್ನಿಸಿತು. ಅಷ್ಟರಲ್ಲಿ ಬ್ರಾಯ್ನಿಂಗ್ ಒರಗಿ ಕುಳಿತು, "ಹಾಗಾದರೆ ಯಂತ್ರದ ವೇಗ ಏರಿದಷ್ಟೂ ಅಲುಗಾಟ ಏರುತ್ತಲೇ ಹೋಗುತ್ತದೆ" ಅಂದರು.

ಬಾಯಿ ಯೆಸ್ ಅನ್ನಲು ತೆರೆಯಿತು. ನಾನು ನೀರು ಕುಡಿದೆ. ಲೋಟ ಕೆಳಗಿಟ್ಟು, "ಇಲ್ಲ, ಪ್ರೊಫೆಸರ್" ಅಂದೆ.

ಅಸಿಸ್ಟೆಂಟರ ಪೆನ್ನು ನಿಂತಿತು. ಬ್ರಾಯ್ನಿಂಗ್ ನಗಲಿಲ್ಲ. ಮೆಲ್ರಾಯ್ ಹೇಳಿದ್ದನಲ್ಲ, ಜಗಳ ಮಾಡಿದರೆ ಖುಷಿಯಾಗುತ್ತಾರೆ ಎಂದು. ಖುಷಿಯ ಸುಳಿವೇ ಇರಲಿಲ್ಲ. ನಾನು ಒಗೆಯುವ ಯಂತ್ರದ ಕತೆ ಹೇಳಿದೆ, ಬೋರ್ಡಿನ ಮೇಲೆ ಗೆರೆ ಎಳೆದೆ, ಏರುತ್ತದೆ, ಇಲ್ಲಿ ಕುಣಿಯುತ್ತದೆ, ಆಮೇಲೆ ಇಳಿಯುತ್ತದೆ.

"ಸರಿ. ಅದಕ್ಕೇ ತಡೆ ಹೆಚ್ಚು ಹಾಕುವುದು. ತಡೆ ಹೆಚ್ಚಾದಷ್ಟೂ ಒಳ್ಳೆಯದು."

"ಇಲ್ಲ. ದಾಟುವಾಗ ಒಳ್ಳೆಯದು. ದಾಟಿದ ಮೇಲೆ ಅದರಿಂದಲೇ ನೆಲಕ್ಕೆ ಹೆಚ್ಚು ಅಲುಗಾಟ ಹೋಗುತ್ತದೆ."

"ಖಚಿತವಾಗಿ?"

ಆ ಒಂದು ಮಾತಿಗೆ ನಾನು ಬೋರ್ಡಿನ ಗೆರೆಯನ್ನು ಮತ್ತೊಮ್ಮೆ ನೋಡಿದೆ. ಅವರ ತಲೆ ಪೂರ್ತಿ ಬೆಳ್ಳಗಿದೆ. ನಾನು ಹುಟ್ಟುವ ಮೊದಲಿನಿಂದ ಇದನ್ನೇ ಮಾಡುತ್ತಿರುವವರು. "ಖಚಿತವಾಗಿ" ಅಂದೆ. ಅವರು ಮುಂದಿನ ಮಾತಿಗೆ ಹೋದರು. ಅದು ಸರಿಯಾಯಿತೋ ತಪ್ಪಾಯಿತೋ ನನಗೆ ಗೊತ್ತಾಗಲಿಲ್ಲ.

"ಅಷ್ಟು ವೇಗದಲ್ಲಿ, ಯಂತ್ರದ ಕೆಳಗೆ ಸ್ಪ್ರಿಂಗು ಮೆದುವಾಗಿದ್ದಷ್ಟೂ ನೆಲಕ್ಕೆ ಅಲುಗಾಟ ಕಡಿಮೆ."

ಆ ಹೊತ್ತಿಗೆ ನನಗೆ ಇಲ್ಲ ಅನ್ನುವ ಹುಚ್ಚು ಹಿಡಿದಿತ್ತು. "ಇಲ್ಲ" ಅಂದೆ.

"ತೋರಿಸಿ."

ಬೋರ್ಡಿಗೆ ಹೋದೆ. ಅರ್ಧ ಬರೆದಾಗಲೇ ಕಂಡಿತು. ಅವರು ಹೇಳಿದ್ದೇ ಸರಿ. ಸೀಮೆಸುಣ್ಣ ಹಿಡಿದು ಅವರಿಗೆ ಬೆನ್ನು ಮಾಡಿ ನಿಂತೆ. ಮುಗಿಯಿತು ಅನ್ನಿಸಿತು. ಅಪ್ಪನ ಮುಖ ಕಣ್ಣಮುಂದೆ ಬಂತು. ಹೇಗಾದರೂ ಸುತ್ತುಬಳಸಿ ನನ್ನ ಮಾತನ್ನೇ ಸಾಧಿಸಲೇ ಎಂದು ಒಂದು ಕ್ಷಣ ಯೋಚಿಸಿದೆ. ಆದರೆ ಬೋರ್ಡಿನ ಮೇಲೆ ಬೇರೇನೋ ಇದೆ ಎಂದು ಹೇಳಲು ಮನಸ್ಸು ಬರಲಿಲ್ಲ.

"ನಾನು ಹೇಳಿದ್ದು ತಪ್ಪು. ನೀವು ಹೇಳಿದ್ದು ಸರಿ. ಇಲ್ಲಿ ನೋಡಿ, ಈ ಕಾರಣಕ್ಕೆ" ಎಂದು ಲೆಕ್ಕ ಮುಗಿಸಿದೆ.

ಹೊರಗೆ ಕಾರಿಡಾರಿನಲ್ಲಿ ನಿಲ್ಲಿಸಿದರು. ಮೆಲ್ರಾಯ್ ಬಂದಿದ್ದ, ಈ ಸಲ ಹೆಬ್ಬೆರಳು ತೋರಿಸಲಿಲ್ಲ ನಾನು. ಒಳಗೆ ಕರೆದಾಗ ಬ್ರಾಯ್ನಿಂಗ್ ಎದ್ದು ನಿಂತು ಕೈ ಕುಲುಕಿದರು. ಪಾಸು. ಅಂಕ ಮಾತ್ರ ಪಾಸಾಗಲು ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚಿಲ್ಲ. "ಅಕ್ಟೋಬರಿನಲ್ಲಿ ನಾನು ಒಬ್ಬನೇ ಮಾತಾಡಿದ್ದೆ" ಅಂದರು. "ಇವತ್ತು ಕೊನೆಯಲ್ಲಿ ನೀವು ನನ್ನನ್ನು ಒಪ್ಪಿದಿರಲ್ಲ, ಅದಕ್ಕೆ ನಾನು ಬೆಲೆ ಕೊಡುತ್ತೇನೆ."

ಮೆಲ್ರಾಯ್ "ಬಾ ಮಾರಾಯ್ತಿ, ಊಟ ಮಾಡುವ" ಎಂದು ಯೂನಿಯ ಕ್ಯಾಂಟೀನು ಮೆನ್ಸಾಗೆ ಕರೆದುಕೊಂಡು ಹೋದ. ಅಲ್ಲಿ ತಟ್ಟೆ ಮುಂದಿಟ್ಟುಕೊಂಡು ಅತ್ತೆ. ಬ್ಯೋಬ್ಲಿಂಗೆನ್‌ಗೆ ಫೋನ್ ಮಾಡಲು ಧೈರ್ಯವಾಗಲಿಲ್ಲ.

23 ಫೆಬ್ರುವರಿ, ರವಿವಾರ

ಮಾಮಾನೇ ಬಾಗಿಲು ತೆಗೆದರು. "ಪಾಸಾದ್ಯಂತ" ಅಂದರು. ನನ್ನಿಂದ ಕೇಳಿದ ಅಪ್ಪ ಊರಿನಿಂದ ಫೋನ್ ಮಾಡಿ ಹೇಳಿದ್ದರಂತೆ. ಆಮೇಲೆ ಅವರೂ ನಾನೂ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆವು.

"ಆರ್ಬೈಟ್ಸ್‌ಅಮ್ಟ್ ಏನಾತ್ರಿ?" ನಾನೇ ಕೇಳಿದೆ.

ಮಾಮಾ ಅಡುಗೆಮನೆಯ ಕಡೆ ನೋಡಿದರು. "ನಿಮ್ಮಕ್ಕ ಬಂದಿದ್ಲು" ಅಂದರು.

ಅವತ್ತು ಅವರೊಬ್ಬರೇ ಹೊರಟು ಬಾಗಿಲವರೆಗೆ ಹೋದಾಗ, ಅಕ್ಕ ಪವಿಯನ್ನು ಫ್ರಾವ್ ಮಾಯರ್ ಕೈಗೆ ಕೊಟ್ಟು, ಸ್ವೆಟರ್ ಹಾಕಿಕೊಂಡು ಹಿಂದೆಯೇ ಹೋದಳಂತೆ. ಕಚೇರಿಯೊಳಗೆ ಆ ಹೆಂಗಸು ಏನೋ ಒಂದು ಕಾಗದ ಇಲ್ಲ ಅಂದಳಂತೆ. ಮಾಮಾ ಎದ್ದು ಬರಲು ಸಿದ್ಧರಾಗಿದ್ದರಂತೆ. ಅಕ್ಕ, ಐತಿ, ಎರಡನೇ ಹಾಳಿ ನೋಡ್ರಿ ಎಂದು ಜರ್ಮನ್‌ನಲ್ಲಿ ಹೇಳಿ, ತಾನೇ ಹಾಳೆ ತಿರುವಿ ಬೆರಳಿಟ್ಟು ತೋರಿಸಿದಳಂತೆ. ಬೇರೆ ಕೆಲಸ ಹುಡುಕಲು ಸಮಯ ಸಿಕ್ಕಿದೆ. ಇದನ್ನೆಲ್ಲ ಹೇಳುವಾಗ ಮಾಮಾನ ಮುಖದಲ್ಲಿ ನಾಚಿಕೆಯೂ ಇತ್ತು, ಹೆಮ್ಮೆಯೂ ಇತ್ತು.

ನಾನು ಅಡುಗೆಮನೆಗೆ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

"ನಿನಗ ಜರ್ಮನ್ ಯಾವಾಗ ಬಂತು?"

"ಕಿಂಡರ್‌ಗಾರ್ಟನ್ ಬಾಗಲ್ದಾಗ ದಿನಾ ನಿಲ್ಲಾಕಿ ನಾನ. ಕೆಳಗಿನ ಅಜ್ಜಿ ಜೋಡಿ ಮಾತಾಡಾಕಿ ನಾನ. ಎರಡು ವರ್ಷಾತು."

"ಮತ್ತ ಯಾಕ ಹೇಳಲಿಲ್ಲ?"

ರೊಟ್ಟಿಯನ್ನು ಹೆಂಚಿಗೆ ಹಾಕಿ ನೀರು ಸವರಿದಳು. "ಯಾರರ ಕೇಳಿದ್ರ ಹೇಳ್ತಿದ್ದೆ. ಪತ್ರ ಬಂದ್ರ ಗುರವ್ವ ಬರ್ಲಿ ಅಂತಿದ್ರು. ನೀ ಹೂಂ ಅಂತಿದ್ದಿ. ಮುಗೀತಲ್ಲ. ನನ್ನ ಪಾಳಿ ಎಲ್ಲಿ ಬಂತು?"

ಸಿಟ್ಟಿನಿಂದ ಅನ್ನಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ನಾನು ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದೆ. ಇವತ್ತು ಓದಲು ನನಗಾಗಿ ಯಾವ ಪತ್ರವೂ ಮೇಜಿನ ಮೇಲೆ ಇರಲಿಲ್ಲ.

9 ಮಾರ್ಚ್, ರವಿವಾರ

ಬರೆಯದೆ ಎರಡು ವಾರವಾಯಿತು. ಬರೆಯುವಂಥದ್ದೇನೂ ಇರಲಿಲ್ಲ. ಮಾರ್ಕುಸ್‌ಗೆ ಅಡುಗೆಮನೆಯ ಒಲೆ ಸರಿಯಾಗಿ ಉಜ್ಜಿಲ್ಲ ಎಂದು ಹೇಳಿದ್ದೆ, ಮುಖ ಊದಿಸಿಕೊಂಡಿದ್ದಾನೆ. ಮಾಮಾನಿಗೆ ಸಿಂಡೆಲ್‌ಫಿಂಗೆನ್‌ನಲ್ಲಿ ಒಂದು ಇಂಟರ್‌ವ್ಯೂ ಇದೆ.

ಪಾಸಾದ ಊಟ ಎಲ್ಲಿ ಎಂದು ಮೆಲ್ರಾಯ್ ಮತ್ತು ಕ್ಲಾಸಿನವರು ಬೆನ್ನು ಹತ್ತಿದ್ದಾರೆ. ನಾಳೆ ಸಂಜೆ ಎಂದು ಹೇಳಿಬಿಟ್ಟೆ. ಇವತ್ತು ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ, ಹತ್ತು ಮಂದಿಗೆ ಆಗುವಷ್ಟು ರೊಟ್ಟಿ ಮಾಡಿಡು, ಮಧ್ಯಾಹ್ನ ಬಂದು ಒಯ್ಯುತ್ತೇನೆ ಅಂದೆ.

"ಆಗೂದಿಲ್ಲ" ಅಂದಳು ಅಕ್ಕ.

ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ.

"ಕೇಳ್ಸೇತಿ. ಆಗೂದಿಲ್ಲ. ನಾನೂ ಫ್ರಾವ್ ಮಾಯರೂ ಇವತ್ತ ಹೊರಗ ಹೊಂಟೀವಿ. ಹಿಟ್ಟ ಬೇಕಾದ್ರ ಬಂದು ಒಯ್ಯಿ. ಬಡಿಯಾಕ ನಿನಗೂ ಕೈ ಅದಾವು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಒಡಹುಟ್ಟಿದವಳು, ಪರೀಕ್ಷೆ ಗೆದ್ದು ಬಂದಿದ್ದೇನೆ, ಹತ್ತು ಮಂದಿಗೆ ರೊಟ್ಟಿ ಎಂಥ ದೊಡ್ಡ ಮಾತು? ಎಸ್-ಬಾನಿನಲ್ಲಿ ಹೋಗುವಾಗಲೂ ಸಿಟ್ಟಿತ್ತು. ಮನೆಯಲ್ಲಿ ಅಕ್ಕ ಇರಲಿಲ್ಲ. ಮಾಮಾ ಹಿಟ್ಟಿನ ಚೀಲ ತಂದುಕೊಟ್ಟರು. ಎರಡು ವರ್ಷ ಪ್ರತಿ ರವಿವಾರ ಕೈಗೆ ಬರುತ್ತಿದ್ದ ಡಬ್ಬಿ ಕಪಾಟಿನ ಮೇಲೆ ಖಾಲಿ ಇತ್ತು. ಅಷ್ಟೂ ರವಿವಾರ ಅವಳಿಗೆ ಮನಸ್ಸಿತ್ತೋ ಇಲ್ಲವೋ ನಾನು ಒಮ್ಮೆಯೂ ಕೇಳಿರಲಿಲ್ಲ. ಅವಳೂ ಬರಿಯ ಹೂಂ ಅಂದುಕೊಂಡೇ ಬಡಿದಿರಬಹುದು.

ಈಗ ವೋನ್‌ಹೈಮ್‌ನ ಅಡುಗೆಮನೆಯಲ್ಲಿದ್ದೇನೆ. ಮೊದಲನೆಯ ರೊಟ್ಟಿ ಹರಿದುಹೋಯಿತು, ಎರಡನೆಯದು ಜರ್ಮನಿಯ ನಕಾಶೆಯ ಹಾಗೆ ಬಂದಿದೆ. ಪುಟದ ಮೇಲೆಲ್ಲ ಹಿಟ್ಟು. ನೀರು ಕಾದಿದೆ, ಮೂರನೆಯದಕ್ಕೆ ನಾದಿಕೊಳ್ಳಬೇಕು.